ಡಯಾಲಿಸಿಸ್ ಪೇಷೆಂಟ್ ರಕ್ತಕ್ಕೆ ಫಂಗಸ್ ಸೇರದ ಹಾಗೆ ನೋಡ್ಕೊಳ್ಳೋದು ಹೇಗೆ, ಸೇರಿದ್ರೆ ಡಾಕ್ಟರ್ ಹತ್ರ ಏನೇನ್ ಕೇಳ್ಬೇಕು

ಡಯಾಲಿಸಿಸ್ ಮಾಡಿಸ್ಕೊಳ್ತಿರೋರಿಗೆ ಜ್ವರ ಬಂದು, ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಬೆಳೆಯತ್ತಾ ಅಂತ ನೋಡೋ ಟೆಸ್ಟ್) ಕಳಿಸಿ, ಎರಡು ಮೂರು ದಿನ ಆದ್ಮೇಲೆ ಲ್ಯಾಬಿಂದ "ಯೀಸ್ಟ್ ಬೆಳೆದಿದೆ" ಅಂತ ಫೋನ್ ಬಂದ್ರೆ ಅದು ಸಣ್ಣ ವಿಷಯ ಅಲ್ಲ. ಚರ್ಮದ ಮೇಲಿರೋ ಕೆಲವು ಬ್ಯಾಕ್ಟೀರಿಯಾ ಒಂದು ಬಾಟಲಿಯಲ್ಲಿ ಮಾತ್ರ ಬೆಳೆದ್ರೆ, ಸ್ಯಾಂಪಲ್ ತೆಗೆಯುವಾಗ ಸೇರ್ಕೊಂಡಿರ್ಬಹುದು ಅಂತ ಡಾಕ್ಟ್ರು ಯೋಚ್ನೆ ಮಾಡ್ತಾರೆ, ಆದ್ರೆ ಕ್ಯಾಂಡಿಡಾ (ಯೀಸ್ಟ್ ಥರದ ಒಂದು ಫಂಗಸ್) ಒಂದೇ ಒಂದು ಬಾಟಲಿಯಲ್ಲಿ ಬಂದ್ರೂ ಹಾಗೆ ತಳ್ಳಿಹಾಕೋ ಹಾಗಿಲ್ಲ, ಅದು ನಿಜವಾದ ಇನ್‌ಫೆಕ್ಷನ್ ಅಂತಲೇ ತಗೊಂಡು ಟ್ರೀಟ್‌ಮೆಂಟ್ ಶುರು ಮಾಡ್ಬೇಕು. ಈ ಕಾಯಿಲೆ ಬಂದವರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರು ಉಳಿಯಲ್ಲ. ಹೆದರಿಸೋಕೆ ಹೇಳ್ತಿಲ್ಲ, ಬೇಗ ಗೊತ್ತಾಗಿ ಬೇಗ ಔಷಧಿ ಶುರುವಾಗಿ ಲೈನ್ (ಡಯಾಲಿಸಿಸ್‌ಗೆ ರಕ್ತನಾಳಕ್ಕೆ ಹಾಕಿರೋ ಪ್ಲಾಸ್ಟಿಕ್ ಪೈಪ್) ಬೇಗ ತೆಗೆದ್ರೆ ಉಳಿಯೋ ಚಾನ್ಸ್ ಎಷ್ಟೋ ಜಾಸ್ತಿ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲ್ಸ ಮಾಡೋಳು, ಡಾಕ್ಟರ್ ಅಲ್ಲ. ಯಾವ ಔಷಧಿ, ಎಷ್ಟು ಡೋಸ್ ಅನ್ನೋದು ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ತೀರ್ಮಾನ. ಆದ್ರೆ ಏನು ಗಮನಿಸ್ಬೇಕು, ಯಾವಾಗ ಓಡ್ಬೇಕು, ಏನು ಕೇಳ್ಬೇಕು ಅನ್ನೋದು ಮನೆಯವರಿಗೆ ಗೊತ್ತಿರ್ಲೇಬೇಕು.

ಮೊದ್ಲು, ಫಂಗಸ್ ಅಂದ ತಕ್ಷಣ ಜನಕ್ಕೆ 2021ರ ಬ್ಲ್ಯಾಕ್ ಫಂಗಸ್ ನೆನಪಾಗತ್ತೆ. ಅದು ಬೇರೆ, ಇದು ಬೇರೆ. ಡಯಾಲಿಸಿಸ್‌ನವರ ರಕ್ತದಲ್ಲಿ ಸಿಗೋ ಫಂಗಸ್ ಬಹುತೇಕ ಕ್ಯಾಂಡಿಡಾ ಜಾತಿಯದ್ದು. ಇದು ಎಲ್ಲಿಂದಲೋ ಗಾಳಿಯಲ್ಲಿ ಬರೋದಲ್ಲ, ನಮ್ಮೆಲ್ಲರ ಬಾಯಲ್ಲಿ, ಕರುಳಲ್ಲಿ, ತೊಡೆಸಂದಿಯಂಥ ಬೆವರೋ ಜಾಗದಲ್ಲಿ ಸುಮ್ನೆ ಇರೋ ಜೀವಿ. ಅಲ್ಲಿದ್ರೆ ತೊಂದ್ರೆ ಇಲ್ಲ. ರಕ್ತದೊಳಗೆ ಹೋಗೋಕೆ ಅದಕ್ಕೊಂದು ದಾರಿ ಬೇಕು, ಡಯಾಲಿಸಿಸ್‌ನವರಲ್ಲಿ ಆ ದಾರಿ ಕುತ್ತಿಗೆಗೆ ಹಾಕಿರೋ ಲೈನ್. ಇನ್ನು ತುಂಬಾ ದಿನ ಸ್ಟ್ರಾಂಗ್ ಆಂಟಿಬಯೋಟಿಕ್ ಹೋಗಿದ್ರೆ, ಸ್ಟೆರಾಯ್ಡ್ ತಗೊಳ್ತಿದ್ರೆ, ಶುಗರ್ ಕಂಟ್ರೋಲಲ್ಲಿ ಇಲ್ದಿದ್ರೆ, ಹೊಟ್ಟೆ ಆಪರೇಷನ್ ಆಗಿದ್ರೆ, ಐಸಿಯುನಲ್ಲಿ ಇದ್ದು ಬಂದಿದ್ರೆ, ರಕ್ತನಾಳದ ಮೂಲಕ ಊಟ ಕೊಡ್ತಿದ್ರೆ ರಿಸ್ಕ್ ಇನ್ನೂ ಹೆಚ್ಚು.

ಲೈನ್ ಯಾವುದು, ಹಾಕಿ ಎಷ್ಟು ದಿನ ಆಯ್ತು

ಇದನ್ನ ಒಂದು ಚೀಟಿಯಲ್ಲಿ ಬರೆದು ಡಯಾಲಿಸಿಸ್ ಫೈಲ್‌ನ ಮೊದಲ ಪುಟಕ್ಕೆ ಅಂಟಿಸಿ. ಕುತ್ತಿಗೆಗೆ ಹಾಕೋದ್ರಲ್ಲಿ ಎರಡು ಥರ ಇದೆ. ಒಂದು ಟೆಂಪರರಿ, ಚರ್ಮದಿಂದ ನೇರವಾಗಿ ನಾಳಕ್ಕೆ ಹೋಗಿರತ್ತೆ, ಹೊರಗಡೆ ಹೊಲಿಗೆ ಹಾಕಿರ್ತಾರೆ. ಇದನ್ನ ಎರಡು ವಾರಕ್ಕಿಂತ ಜಾಸ್ತಿ ಇಟ್ಕೋಬಾರ್ದು ಅಂತ ಗೈಡ್‌ಲೈನ್ ಹೇಳತ್ತೆ. ತೊಡೆಸಂದಿಗೆ ಹಾಕಿದ್ದಾದ್ರೆ ಇನ್ನೂ ಬೇಗ ತೆಗೀಬೇಕು, ಆ ಜಾಗವೇ ಬೆವರು, ಒದ್ದೆ, ಗಲೀಜಿಗೆ ಹತ್ತಿರ. ಇನ್ನೊಂದು ಪರ್ಮ್‌ಕ್ಯಾತ್, ಎದೆ ಮೇಲಿನ ಚರ್ಮದಡಿ ಸ್ವಲ್ಪ ದೂರ ಹೋಗಿ ಆಮೇಲೆ ನಾಳಕ್ಕೆ ಸೇರತ್ತೆ, ತಿಂಗಳುಗಟ್ಟಲೆ ಇರತ್ತೆ. ಮೂರನೇದು ಆಪರೇಷನ್ ಮಾಡಿ ಕೈಯ ಎರಡು ರಕ್ತನಾಳ ಜೋಡಿಸಿ ಮಾಡೋ ಫಿಸ್ಟುಲಾ, ಇದರಲ್ಲಿ ಒಳಗೆ ಪ್ಲಾಸ್ಟಿಕ್ಕೇ ಇಲ್ಲ, ನಿಮ್ಮದೇ ನಾಳ, ಇನ್‌ಫೆಕ್ಷನ್ ಅತಿ ಕಮ್ಮಿ ಬರೋದು ಇದ್ರಲ್ಲೇ.

ನಮ್ಮ ಕಡೆ ಆಗೋದೇನಂದ್ರೆ, ಕ್ರಿಯಾಟಿನಿನ್ ಏರಿದೆ ಅಂತ ಗೊತ್ತಿದ್ರೂ "ಡಯಾಲಿಸಿಸ್ ಅಂದ್ರೆ ಮುಗೀತು" ಅನ್ನೋ ಭಯಕ್ಕೆ ಮುಂದೂಡ್ತಾ ಮುಂದೂಡ್ತಾ, ಕೊನೆಗೊಂದಿನ ರಾತ್ರಿ ಉಸಿರಾಡೋಕೆ ಆಗ್ದೆ ಎಮರ್ಜೆನ್ಸಿಗೆ ಬರ್ತಾರೆ, ಬೇರೆ ದಾರಿ ಇಲ್ದೆ ಅವತ್ತೇ ಕುತ್ತಿಗೆಗೆ ಲೈನ್ ಹಾಕ್ತಾರೆ, ಎರಡು ಸಲ ಡಯಾಲಿಸಿಸ್ ಆದ್ಮೇಲೆ ಊತ ಇಳಿದು ಆರಾಮ ಅನ್ಸತ್ತೆ, ಆಮೇಲೆ "ಇದ್ರಲ್ಲೇ ನಡೀತಿದೆಯಲ್ಲ, ಕೈ ಯಾಕೆ ಕುಯ್ಯಿಸ್ಕೊಳ್ಳೋದು" ಅಂತ ಫಿಸ್ಟುಲಾ ಆಪರೇಷನ್ನೇ ಬೇಡ ಅಂತಾರೆ. ಫಿಸ್ಟುಲಾ ಮಾಡಿದ್ಮೇಲೂ ಅದು ಬಲಿಯೋಕೆ ಆರು ವಾರದಿಂದ ಮೂರು ತಿಂಗಳು ಬೇಕು. ಅಂದ್ರೆ ನೀವು ತಡ ಮಾಡಿದ ಒಂದೊಂದು ವಾರವೂ ಲೈನ್ ಕುತ್ತಿಗೆಯಲ್ಲಿ ಉಳಿಯೋ ವಾರ. ಕಿಡ್ನಿ ಕೈಕೊಡ್ತಿದೆ ಅಂತ ಡಾಕ್ಟರ್ ಹೇಳಿದ ದಿನದಿಂದಲೇ, ಬಲಗೈಯಲ್ಲಿ ಬರೆಯೋರಾದ್ರೆ ಎಡಗೈಯಲ್ಲಿ ಸೂಜಿ ಚುಚ್ಚಿಸ್ಕೋಬೇಡಿ, ಬಿಪಿ ನೋಡಿಸ್ಕೋಬೇಡಿ, ಆ ಕೈ ಫಿಸ್ಟುಲಾಗೆ ಉಳಿಸಿ. ರಕ್ತ ತೆಗೆಯೋರು ಬಂದಾಗ ನೀವೇ ಹೇಳಿ, ಅವರಿಗೆ ಗೊತ್ತಿರಲ್ಲ.

ಮನೇಲಿ ಲೈನ್ ನೋಡ್ಕೊಳ್ಳೋದು

ದಿನಾ ಬೆಳಿಗ್ಗೆ ಡ್ರೆಸ್ಸಿಂಗ್ ನೋಡಿ. ಬಿಚ್ಚೋದು ಬೇಡ, ನೋಡಿದ್ರೆ ಸಾಕು. ಅಂಚು ಎದ್ದಿದೆಯಾ, ಒಳಗೆ ಒದ್ದೆ ಇದೆಯಾ, ರಕ್ತ ಕೀವು ಕಲೆ ಇದೆಯಾ, ಸುತ್ತ ಕೆಂಪಾಗಿದೆಯಾ, ಮುಟ್ಟಿದ್ರೆ ನೋವಾಗತ್ತಾ. ಇದ್ರಲ್ಲಿ ಯಾವುದೊಂದು ಇದ್ರೂ ಮುಂದಿನ ಡಯಾಲಿಸಿಸ್ ದಿನದವರೆಗೂ ಕಾಯ್ಬೇಡಿ, ಅವತ್ತೇ ಯೂನಿಟ್‌ಗೆ ಫೋನ್ ಮಾಡಿ ಹೋಗಿ ಬದಲಾಯಿಸ್ಕೊಳ್ಳಿ. ರಾಯಚೂರು ಕಲಬುರಗಿ ಕಡೆ ಏಪ್ರಿಲ್ ಮೇ ಬಿಸಿಲಲ್ಲಿ ಬಸ್ಸಲ್ಲಿ ಒಂದೂವರೆ ಗಂಟೆ ಕೂತು ಬರೋರಿಗೆ ಬೆವರಿಗೇ ಡ್ರೆಸ್ಸಿಂಗ್ ಕಿತ್ಕೊಂಡು ಬಂದಿರತ್ತೆ, ಅಂಥೋರು ಯೂನಿಟ್‌ನಲ್ಲಿ ಕೇಳಿ ಬೆವರಿಗೆ ತಡ್ಕೊಳ್ಳೋ ಥರದ ಡ್ರೆಸ್ಸಿಂಗ್ ಹಾಕಿಸ್ಕೊಳ್ಳಿ.

ಸ್ನಾನದ ವಿಷಯದಲ್ಲೇ ಜನ ಜಾಸ್ತಿ ಎಡವೋದು. ತಲೆ ಮೇಲಿಂದ ನೀರು ಸುರ್ಕೊಳ್ಳೋ ಸ್ನಾನ ಲೈನ್ ಇರೋವರೆಗೂ ಬೇಡ. ಸೊಂಟದ ಕೆಳಗೆ ನೀರು ಹಾಕ್ಕೊಳ್ಳಿ, ಮೇಲ್ಗಡೆ ಒದ್ದೆ ಬಟ್ಟೇಲಿ ಒರೆಸ್ಕೊಳ್ಳಿ. ತಲೆ ತೊಳೀಬೇಕಂದ್ರೆ ಮಂಚದ ಅಂಚಿಗೆ ತಲೆ ಹಿಂದಕ್ಕೆ ಇಳಿಬಿಟ್ಟು ಮಲಗಿಸಿ, ಕುತ್ತಿಗೆ ಎದೆ ಮೇಲೆ ಒಣ ಟವಲ್, ಅದರ ಮೇಲೆ ಪ್ಲಾಸ್ಟಿಕ್ ಹಾಕಿ, ಇನ್ನೊಬ್ರು ನಿಧಾನಕ್ಕೆ ತೊಳೀಲಿ. ಯುಗಾದಿ, ದೀಪಾವಳಿ ಎಣ್ಣೆಸ್ನಾನ ಈ ವರ್ಷ ಇಲ್ಲ ಅಂದ್ರೆ ಮನೇಲಿ ಹಿರಿಯರಿಗೆ ಬೇಜಾರಾಗತ್ತೆ, ಗೊತ್ತು. ಪಾದಕ್ಕೆ, ಅಂಗೈಗೆ ಒಂದು ತೊಟ್ಟು ಎಣ್ಣೆ ಹಚ್ಚಿ ಶಾಸ್ತ್ರ ಮುಗಿಸಿ. ಹೊಳೆ ಸ್ನಾನ, ಕಲ್ಯಾಣಿ ಸ್ನಾನ, ತೀರ್ಥ ಮೈಮೇಲೆ ಹಾಕಿಸ್ಕೊಳ್ಳೋದು ಯಾವುದೂ ಬೇಡ. ಹಾಗೇ ಲೈನ್ ಹೊರಗೆ ಬರೋ ಜಾಗಕ್ಕೆ ಅರಿಶಿನ, ವಿಭೂತಿ, ಕೊಬ್ರಿ ಎಣ್ಣೆ, ಮನೇಲಿರೋ ಯಾವ್ದೋ ಮುಲಾಮು ಏನನ್ನೂ ಹಚ್ಬೇಡಿ. ಅರಿಶಿನ ಒಳ್ಳೇದೇ ಇರ್ಬಹುದು, ಡಬ್ಬಿಯಲ್ಲಿರೋ ಪುಡಿ ಸ್ಟೆರೈಲ್ ಅಲ್ಲ, ಆ ತೂತು ನೇರವಾಗಿ ಹೃದಯದ ಹತ್ತಿರದ ನಾಳಕ್ಕೆ ಹೋಗತ್ತೆ.

ಲೈನ್ ತುದಿಯ ಕ್ಯಾಪ್ ಮನೇಲಿ ಯಾವ ಕಾರಣಕ್ಕೂ ತೆಗೀಬಾರ್ದು, ಕ್ಲ್ಯಾಂಪ್ ಯಾವಾಗ್ಲೂ ಬಿಗಿಯಾಗಿರ್ಬೇಕು. ಅಕಸ್ಮಾತ್ ಕ್ಯಾಪ್ ಬಿದ್ಹೋದ್ರೆ, ಕ್ಲ್ಯಾಂಪ್ ಹಾಕಿದೆಯಾ ನೋಡಿ, ಲೈನ್ ಬಗ್ಗಿಸಿ ಗಟ್ಟಿಯಾಗಿ ಹಿಡ್ಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ, ಬಿದ್ದ ಕ್ಯಾಪ್ ಎತ್ತಿ ಮತ್ತೆ ಹಾಕ್ಬೇಡಿ. ಲೈನೇ ಎಳೆದು ಹೊರಗೆ ಬಂದ್ರೆ ಶುಭ್ರವಾದ ಬಟ್ಟೆಯಿಂದ ಆ ಜಾಗ ಬಲವಾಗಿ ಒತ್ತಿ ಹಿಡಿದು ಮಲಗಿಸಿ, ಒತ್ತೋದು ಬಿಡದೆ ಆಂಬ್ಯುಲೆನ್ಸ್ ಕರೀರಿ. ಇನ್ನೊಂದು ಮಾತು, ಹತ್ತಿರದ ಕ್ಲಿನಿಕ್‌ನಲ್ಲಿ "ಕೈಯಲ್ಲಿ ನರ ಸಿಗ್ತಿಲ್ಲ, ಇದ್ರಲ್ಲೇ ಗ್ಲೂಕೋಸ್ ಹಾಕೋಣ" ಅಂದ್ರೆ ಒಪ್ಕೋಬೇಡಿ. ಡಯಾಲಿಸಿಸ್ ಲೈನ್ ಡಯಾಲಿಸಿಸ್‌ಗೆ ಮಾತ್ರ. ಪ್ರತಿ ಸಲ ತೆರೆದಾಗ್ಲೂ ಒಂದು ಅಪಾಯ ಇದೆ.

ಯೂನಿಟ್‌ನಲ್ಲಿ ಮಿಷಿನ್‌ಗೆ ಹಾಕುವಾಗ

ಇಲ್ಲಿ ನಮ್ಮ ಕೆಲ್ಸ ಹೇಗಿರ್ಬೇಕು ಅಂತ ನಾನೇ ಹೇಳ್ತೀನಿ, ನೀವು ನೋಡ್ತಾ ಇರಿ. ಲೈನ್ ಮುಟ್ಟೋ ಮುಂಚೆ ಕೈಗೆ ಸ್ಯಾನಿಟೈಜರ್ ಹಾಕಿ ಪೂರ್ತಿ ಒಣಗೋವರೆಗೂ ಉಜ್ಜಬೇಕು, ಆಮೇಲೆ ಹೊಸ ಗ್ಲೌಸ್. ಪಕ್ಕದ ಬೆಡ್‌ನ ಮಿಷಿನ್ ಅಲಾರಂ ಆಫ್ ಮಾಡಿ ಅದೇ ಗ್ಲೌಸಲ್ಲಿ ನಿಮ್ಮ ಲೈನ್ ಮುಟ್ಟೋ ಹಾಗಿಲ್ಲ. ಕ್ಯಾಂಡಿಡಾದಲ್ಲಿ ಪ್ಯಾರಾಪ್ಸಿಲೋಸಿಸ್ ಅನ್ನೋ ಒಂದು ಜಾತಿ ಆಸ್ಪತ್ರೆಯವರ ಕೈಮೇಲೇ ಬದುಕತ್ತೆ, ಪ್ಲಾಸ್ಟಿಕ್‌ಗೆ ಚೆನ್ನಾಗಿ ಅಂಟ್ಕೊಳ್ಳತ್ತೆ, ಅದಕ್ಕೇ ಕೈ ವಿಷಯ ಇಷ್ಟು ಒತ್ತಿ ಹೇಳ್ತಿರೋದು. ಪೇಷೆಂಟ್‌ಗೂ ಮಾಸ್ಕ್, ನಮಗೂ ಮಾಸ್ಕ್, ಪೇಷೆಂಟ್ ಮುಖ ಆ ಕಡೆ ತಿರುಗಿಸ್ಕೋಬೇಕು. ಕ್ಯಾಪ್ ತೆಗೆದ್ಮೇಲೆ ಲೈನ್‌ನ ಬಾಯನ್ನ, ಅದರ ತಿರುಪಿನ ಗೆರೆಗಳನ್ನೂ ಸೇರಿಸಿ, ಆಲ್ಕೋಹಾಲ್ ಅಥವಾ ಕ್ಲೋರ್‌ಹೆಕ್ಸಿಡಿನ್ ಪ್ಯಾಡಿಂದ ತಿರುಗಿಸಿ ತಿರುಗಿಸಿ ಉಜ್ಜಬೇಕು, ಮನಸ್ಸಲ್ಲಿ ಹದಿನೈದು ಎಣಿಸೋಷ್ಟು ಹೊತ್ತು, ಹಳೇ ಒಣಗಿದ ರಕ್ತ ಒಂಚೂರೂ ಉಳೀಬಾರ್ದು, ಆಮೇಲೆ ಅದು ತಾನಾಗಿ ಆರ್ಬೇಕು, ಊದಿ ಆರಿಸೋ ಹಾಗಿಲ್ಲ. ಒಂದು ಲೈನ್ ತೆರೆದಿಟ್ಟು ಸಿರಿಂಜ್ ತರೋಕೆ ಹೋಗೋ ಹಾಗಿಲ್ಲ. ಮುಗಿದ್ಮೇಲೆ ಹೊಸ ಕ್ಯಾಪ್. ಚರ್ಮದ ಜಾಗವನ್ನ ಆಲ್ಕೋಹಾಲ್ ಇರೋ ಕ್ಲೋರ್‌ಹೆಕ್ಸಿಡಿನಿಂದ ಕ್ಲೀನ್ ಮಾಡಿ, ಅದೂ ಒಣಗಿದ ಮೇಲೆ ಡ್ರೆಸ್ಸಿಂಗ್.

ಮೂರು ಶಿಫ್ಟ್ ಓಡಿಸೋ ಯೂನಿಟ್‌ಗಳಲ್ಲಿ ಮೊದಲ ಶಿಫ್ಟ್ ಮುಗಿದು ಎರಡನೇ ಶಿಫ್ಟ್ ಹಾಕೋ ಹೊತ್ತಲ್ಲಿ ಎಲ್ರಿಗೂ ಅವಸರ ಇರತ್ತೆ, ಬಾಗ್ಲಲ್ಲಿ ಜನ ಕಾಯ್ತಿರ್ತಾರೆ, ಒಬ್ಬೊಬ್ಬ ಟೆಕ್ನೀಷಿಯನ್ ಮೇಲೆ ನಾಲ್ಕೈದು ಮಿಷಿನ್. ಹಂತ ತಪ್ಪೋದು ಆಗ್ಲೇ. "ಸಿಸ್ಟರ್, ಒಂದ್ನಿಮಿಷ, ಗ್ಲೌಸ್ ಬದಲಾಯಿಸ್ಬಿಡಿ" ಅಂತ ಮೆಲ್ಲಗೆ ಹೇಳಿದ್ರೆ ಒಳ್ಳೆ ಸ್ಟಾಫ್ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ನಮ್ಮ ಯೂನಿಟ್‌ಗೆ ಬರೋ ಒಬ್ರು ಅಜ್ಜಿ ಇದ್ದಾರೆ, ಓದು ಬರಹ ಇಲ್ಲ, ಆದ್ರೆ ಕ್ಯಾಪ್ ತೆಗೆದ ತಕ್ಷಣ ಬಾಯೊಳಗೇ ಒಂದು ಎರಡು ಅಂತ ಎಣಿಸೋಕೆ ಶುರು ಮಾಡ್ತಾರೆ, ಹದಿನೈದು ಆಗೋವರೆಗೂ ನಮ್ಮ ಕೈ ನೋಡ್ತಾನೇ ಇರ್ತಾರೆ. ಎಲ್ಲಾ ಪೇಷೆಂಟ್‌ಗಳೂ ಹಾಗಿರ್ಲಿ ಅಂತ ನನ್ನಾಸೆ.

ಯಾವಾಗ ಅನುಮಾನ ಪಡ್ಬೇಕು

ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆ ಒಂದು ಗಂಟೆಯೊಳಗೆ ಹಲ್ಲು ಕಟಕಟ ಅನ್ನೋ ಹಾಗೆ ಚಳಿ ನಡುಕ ಬರೋದು ದೊಡ್ಡ ಸೂಚನೆ, ಲೈನೊಳಗೆ ಕೂತಿರೋದು ರಕ್ತದ ಜೊತೆ ಒಳಗೆ ಹೋಗ್ತಿದೆ ಅಂತ ಅರ್ಥ ಇರ್ಬಹುದು. ಕಂಬಳಿ ಹೊದಿಸಿ ಒಂದು ಇಂಜೆಕ್ಷನ್ ಕೊಟ್ಟು "ಎಸಿ ಜಾಸ್ತಿಯಾಗಿತ್ತು" ಅಂತ ಕಳಿಸೋದಲ್ಲ ಇದು. ಒಂದೇ ಶಿಫ್ಟಲ್ಲಿ ನಾಲ್ಕು ಜನಕ್ಕೆ ಒಟ್ಟಿಗೆ ನಡುಕ ಬಂದ್ರೆ ಮಿಷಿನ್‌ಗೆ ಬರೋ ಆರ್‌ಓ ನೀರಿನ ಕಡೆ ನೋಡ್ಬೇಕಾಗತ್ತೆ, ಒಬ್ಬರಿಗೇ ಬಂದ್ರೆ, ಅದ್ರಲ್ಲೂ ಲೈನ್ ಇರೋರಿಗೇ ಬಂದ್ರೆ, ಮೊದ್ಲು ಲೈನ್ ಮೇಲೆ ಅನುಮಾನ.

ಆದ್ರೆ ಕಿಡ್ನಿ ಪೇಷೆಂಟ್‌ಗಳಿಗೆ ಜ್ವರ ಕೆಲವೊಮ್ಮೆ ಏರೋದೇ ಇಲ್ಲ. ಬಿಪಿ ಸುಮ್‌ಸುಮ್ನೆ ಇಳಿಯೋದು, ಡಯಾಲಿಸಿಸ್‌ನಲ್ಲಿ ಎಂದಿನ ಹಾಗೆ ಮೈಯಿಂದ ನೀರು ತೆಗೆಯೋಕೆ ಆಗ್ದೇ ಇರೋದು, ಮಂಕಾಗಿ ಮಲಗಿರೋದು, ಹೆಸರು ಊರು ತಪ್ಪು ಹೇಳೋದು, ಊಟ ಪೂರ್ತಿ ಬಿಡೋದು, ವಯಸ್ಸಾದೋರಲ್ಲಿ ಇಷ್ಟೇ ಇರ್ಬಹುದು. ಮನೇಲಿ ಥರ್ಮಾಮೀಟರ್ ಇಟ್ಕೊಳ್ಳಿ, 100 ಡಿಗ್ರಿ ದಾಟಿದ್ರೆ ಅಥವಾ ನಡುಕ ಬಂದ್ರೆ ಅವತ್ತೇ ಹೋಗಿ. ದಯವಿಟ್ಟು ಮೆಡಿಕಲ್ ಸ್ಟೋರಲ್ಲಿ ಎರಡು ಆಂಟಿಬಯೋಟಿಕ್ ಮಾತ್ರೆ ತಗೊಂಡು ನೋಡೋಣ ಅನ್ಬೇಡಿ. ಆ ಎರಡು ಮಾತ್ರೆಯಿಂದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗ್ಬಹುದು, ಫಂಗಸ್ ಇದ್ರೆ ಅದಕ್ಕೆ ಆಂಟಿಬಯೋಟಿಕ್ ತಾಗೋದೂ ಇಲ್ಲ, ಮೇಲಾಗಿ ಹೊಟ್ಟೆಯಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಫಂಗಸ್‌ಗೆ ಜಾಗ ಬಿಟ್ಕೊಟ್ಟ ಹಾಗಾಗತ್ತೆ.

ಲೈನ್ ಇರೋರಿಗೆ ಬರೋ ಜ್ವರದಲ್ಲಿ ಹೆಚ್ಚಿನದ್ದು ಬ್ಯಾಕ್ಟೀರಿಯಾದೇ, ಅದಕ್ಕೇ ಮೊದ್ಲು ಆಂಟಿಬಯೋಟಿಕ್ ಶುರು ಮಾಡ್ತಾರೆ, ಅದು ಸರಿಯಾದ ಕ್ರಮವೇ. ಆದ್ರೆ ಆಂಟಿಬಯೋಟಿಕ್ ಎರಡು ಮೂರು ದಿನ ಹೋದ್ರೂ ಜ್ವರ ಬಿಡ್ತಿಲ್ಲ ಅಂದ್ರೆ "ಡಾಕ್ಟ್ರೇ, ಫಂಗಸ್ ಇರ್ಬಹುದಾ, ಕಲ್ಚರ್ ಮತ್ತೆ ಕಳಿಸ್ಬೇಕಾ" ಅಂತ ಕೇಳಿ.

ಕಲ್ಚರ್ ಸರಿಯಾಗಿ ತೆಗೆಸೋದು

ಆಂಟಿಬಯೋಟಿಕ್‌ನ ಮೊದಲ ಡೋಸ್‌ಗಿಂತ ಮುಂಚೆ ತೆಗೀಬೇಕು. ಎರಡು ಸೆಟ್ ಬೇಕು, ಒಂದು ಲೈನಿಂದ, ಇನ್ನೊಂದು ಕೈ ನಾಳದಿಂದ. ಫಿಸ್ಟುಲಾಗೆ ಇಟ್ಟಿರೋ ಕೈ ಬಿಟ್ಟು ಇನ್ನೊಂದು ಕೈಯ ಹಿಂಭಾಗದಿಂದ ತೆಗೀಲಿ, ಅಲ್ಲೂ ಸಿಗ್ದಿದ್ರೆ ಡಯಾಲಿಸಿಸ್ ನಡೀತಿರುವಾಗ ಮಿಷಿನ್‌ನ ಬ್ಲಡ್ ಟ್ಯೂಬಿಂಗಿಂದ ತೆಗೀಬಹುದು. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂಎಲ್ ರಕ್ತ ಹೋಗ್ಬೇಕು, ಬರೀ 2 ಎಂಎಲ್ ಹಾಕಿದ್ರೆ ಇದ್ದ ಫಂಗಸ್ ಸಿಗದೆ ಹೋಗೋ ಸಾಧ್ಯತೆ ಹೆಚ್ಚು. "ಅಷ್ಟೊಂದು ರಕ್ತ ಯಾಕೆ ತೆಗೀತೀರಾ, ಮೊದ್ಲೇ ಹಿಮೋಗ್ಲೋಬಿನ್ ಕಮ್ಮಿ" ಅಂತ ಮನೆಯವರು ತಡೀತಾರೆ, ದಯವಿಟ್ಟು ತಡೀಬೇಡಿ, ಈ ಒಂದು ಟೆಸ್ಟ್‌ನ ಬಲ ಇರೋದೇ ರಕ್ತದ ಅಳತೆಯಲ್ಲಿ. ಅಷ್ಟೆಲ್ಲ ಸರಿಯಾಗಿ ಮಾಡಿದ್ರೂ ದೇಹದ ಒಳಗೆ ಹರಡಿರೋ ಕ್ಯಾಂಡಿಡಾದಲ್ಲಿ ಸುಮಾರು ಅರ್ಧದಷ್ಟನ್ನೇ ಕಲ್ಚರ್ ಹಿಡಿಯೋದು, ಹಾಗಾಗಿ ಒಂದು ಸಲ ನೆಗೆಟಿವ್ ಬಂತು ಅಂತ ಪೂರ್ತಿ ನಿಶ್ಚಿಂತೆ ಬೇಡ, ಜ್ವರ ಮುಂದುವರಿದ್ರೆ ಮತ್ತೆ ಕಳಿಸ್ಬೇಕು.

ಫಂಗಸ್ ಇರೋ ಸುಳಿವು ಕೊಡೋ ಬೀಟಾ ಡಿ ಗ್ಲೂಕನ್ ಅಂತ ಒಂದು ರಕ್ತ ಪರೀಕ್ಷೆ ಇದೆ, ದೊಡ್ಡ ಲ್ಯಾಬ್‌ಗಳಲ್ಲಿ ಮಾಡ್ತಾರೆ. ಡಯಾಲಿಸಿಸ್‌ನವರಲ್ಲಿ ಅದನ್ನ ಹುಷಾರಾಗಿ ಓದ್ಬೇಕು, ಸೆಲ್ಯುಲೋಸ್ ಥರದ ಫಿಲ್ಟರ್ ಬಳಸಿದ್ರೆ, ಆಲ್ಬುಮಿನ್ ಕೊಟ್ಟಿದ್ರೆ, ಫಂಗಸ್ ಇಲ್ದೇನೂ ಪಾಸಿಟಿವ್ ಬರ್ಬಹುದು. ಇನ್ನು ಕಫದಲ್ಲಿ, ಮೂತ್ರದಲ್ಲಿ ಕ್ಯಾಂಡಿಡಾ ಬಂದಿದೆ ಅಂತ ರಿಪೋರ್ಟ್ ಬಂದ್ರೆ ಅದು ರಕ್ತದ ಇನ್‌ಫೆಕ್ಷನ್ ಅಂತಲ್ಲ, ಎಷ್ಟೋ ಸಲ ಅದು ಸುಮ್ನೆ ಅಲ್ಲಿರೋದು. ಗಾಬರಿ ಬೀಳ್ಬೇಕಾಗಿರೋದು ರಕ್ತದ ರಿಪೋರ್ಟಿಗೆ.

ರಿಪೋರ್ಟಲ್ಲಿ ಜಾತಿ ಹೆಸರು ಬರೋವರೆಗೂ ಬಿಡ್ಬೇಡಿ. ಬರೀ "ಕ್ಯಾಂಡಿಡಾ" ಅಂದ್ರೆ ಸಾಲ್ದು. ಆಲ್ಬಿಕನ್ಸ್, ಟ್ರಾಪಿಕಾಲಿಸ್ ಇದ್ರೆ ಸಾಮಾನ್ಯವಾಗಿ ಫ್ಲುಕೋನಜೋಲ್ ಅನ್ನೋ ಫಂಗಸ್ ಔಷಧಿಗೆ ಬಗ್ಗತ್ತೆ, ನಮ್ಮ ದೇಶದಲ್ಲಿ ಟ್ರಾಪಿಕಾಲಿಸ್ ತುಂಬಾ ಕಾಣತ್ತೆ. ಗ್ಲಾಬ್ರಾಟಾ ಆದ್ರೆ ಅನುಮಾನ, ಕ್ರೂಸಿ ಆದ್ರೆ ಫ್ಲುಕೋನಜೋಲ್ ಕೆಲಸಕ್ಕೇ ಬರಲ್ಲ. ಆರಿಸ್ ಅಂತ ಬಂದ್ರೆ ಇನ್ನೂ ಹುಷಾರು. ಇದನ್ನ 2009ರಲ್ಲಿ ಜಪಾನ್‌ನಲ್ಲಿ ಒಬ್ಬ ಪೇಷೆಂಟ್ ಕಿವಿಯಿಂದ ತೆಗೆದ ಸ್ಯಾಂಪಲ್‌ನಲ್ಲಿ ಮೊದಲ ಸಲ ಗುರುತಿಸಿದ್ದು, 2013ರಲ್ಲಿ ದೆಹಲಿಯ ಆಸ್ಪತ್ರೆಗಳಿಂದ ವರದಿಯಾಯ್ತು, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತಿ ಅಪಾಯದ ಫಂಗಸ್‌ಗಳ ಪಟ್ಟಿಯ ಮೊದಲ ಗುಂಪಿಗೆ ಸೇರಿಸಿತು. ಹಳೇ ಲ್ಯಾಬ್ ಮಿಷಿನ್‌ಗಳು ಇದನ್ನ ಹೀಮುಲೋನಿ ಅಂತ ತಪ್ಪಾಗಿ ತೋರಿಸ್ತಿದ್ವು, ಹಾಗಾಗಿ ರಿಪೋರ್ಟಲ್ಲಿ ಆ ಹೆಸರು ಕಂಡ್ರೆ ಇನ್ನೊಂದು ಸಲ ಖಾತ್ರಿ ಮಾಡ್ಕೊಳ್ಳಿ ಅಂತ ಡಾಕ್ಟರ್‌ಗೆ ಹೇಳಿ. ಜಾತಿ ಜೊತೆಗೆ ಯಾವ ಔಷಧಿಗೆ ಬಗ್ಗತ್ತೆ ಅನ್ನೋ ಸೆನ್ಸಿಟಿವಿಟಿ ರಿಪೋರ್ಟೂ ಬೇಕು.

ಪಾಸಿಟಿವ್ ಬಂತು, ಈಗೇನು

ಲೈನ್ ತೆಗೀಬೇಕು. ಜನ ಜಗಳ ಆಡೋದು ಇಲ್ಲೇ. "ಪರ್ಮ್‌ಕ್ಯಾತ್‌ಗೆ ಅಷ್ಟು ದುಡ್ಡು ಕೊಟ್ಟು ಮೊನ್ನೆ ಮೊನ್ನೆ ಹಾಕ್ಸಿದ್ದು, ಔಷಧಿ ಕೊಟ್ಟು ಉಳಿಸ್ಕೊಳ್ಳೋಕೆ ಆಗಲ್ವಾ" ಅಂತಾರೆ. ಆಗಲ್ಲ. ನೀರಿನ ಟ್ಯಾಂಕ್ ಒಳಗೋಡೆಗೆ ಪಾಚಿ ಲೋಳೆ ಹಿಡಿದ್ರೆ ಮೇಲಿಂದ ಎಷ್ಟು ಕ್ಲೀನ್ ನೀರು ಬಿಟ್ರೂ ಅದು ಹೋಗಲ್ವಲ್ಲ, ಹಾಗೆ ಪ್ಲಾಸ್ಟಿಕ್ ಒಳಗೆ ಕ್ಯಾಂಡಿಡಾ ಒಂದು ಪದರ ಕಟ್ಕೊಂಡು ಕೂತಿರತ್ತೆ, ಆ ಪದರದೊಳಗೆ ಔಷಧಿ ಸರಿಯಾಗಿ ಹೋಗಲ್ಲ. ಬ್ಯಾಕ್ಟೀರಿಯಾದಲ್ಲಿ ಕೆಲವು ಜಾತಿಗೆ ಲೈನ್ ಉಳಿಸಿ ಪ್ರಯತ್ನ ಮಾಡ್ತಾರೆ, ಕ್ಯಾಂಡಿಡಾಗೆ ಆ ಮಾತಿಲ್ಲ. ತೆಗೆದ್ಮೇಲೆ ಡಯಾಲಿಸಿಸ್ ನಿಲ್ಲಿಸೋಕೆ ಆಗಲ್ಲ, ಅದಕ್ಕೆ ಬೇರೆ ಜಾಗದಲ್ಲಿ ಟೆಂಪರರಿ ಲೈನ್ ಹಾಕ್ತಾರೆ, ಪರಿಸ್ಥಿತಿ ಅನುಮತಿಸಿದ್ರೆ ನಡುವೆ ಒಂದೆರಡು ದಿನ ಮೈಮೇಲೆ ಯಾವ ಲೈನೂ ಇಲ್ದೆ ಇಡ್ತಾರೆ, ಆ ದಿನಗಳಲ್ಲಿ ನೀರು, ಎಳನೀರು, ಬಾಳೆಹಣ್ಣು ಎಲ್ಲದ್ರಲ್ಲೂ ಬಿಗಿಯಾಗಿರ್ಬೇಕು, ಪೊಟ್ಯಾಸಿಯಂ ಏರಿದ್ರೆ ಕಷ್ಟ. ಹೊಸ ಪರ್ಮ್‌ಕ್ಯಾತ್ ಹಾಕೋದು ರಕ್ತದ ಕಲ್ಚರ್ ನೆಗೆಟಿವ್ ಆದ್ಮೇಲೇ.

ಔಷಧಿ ವಿಷಯಕ್ಕೆ ಬಂದ್ರೆ, ಮೊದಲ ಆಯ್ಕೆ ಎಕೈನೋಕ್ಯಾಂಡಿನ್ ಅನ್ನೋ ಗುಂಪು, ಕ್ಯಾಸ್ಪೋಫಂಜಿನ್, ಮೈಕಾಫಂಜಿನ್, ಅನಿಡುಲಾಫಂಜಿನ್, ಮೂರರಲ್ಲಿ ಒಂದು. ಡಯಾಲಿಸಿಸ್‌ನವರಿಗೆ ಇದರಲ್ಲೊಂದು ಅನುಕೂಲ ಇದೆ, ಕಿಡ್ನಿಗಾಗಿ ಡೋಸ್ ಕಮ್ಮಿ ಮಾಡೋ ಹಾಗಿಲ್ಲ, ಡಯಾಲಿಸಿಸ್‌ನಲ್ಲಿ ತೊಳೆದೂ ಹೋಗಲ್ಲ. ದಿನಕ್ಕೊಂದು ಸಲ ಡ್ರಿಪ್‌ನಲ್ಲಿ ಕೊಡ್ತಾರೆ, ಬೆಲೆ ಹೆಚ್ಚು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಅಡ್ಮಿಟ್ ಆಗಿದ್ರೆ ಔಷಧಿ ಪ್ಯಾಕೇಜಿನೊಳಗೆ ಬರತ್ತಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನ ಮೊದಲ ದಿನವೇ ಕೇಳಿ, ಡಿಸ್ಚಾರ್ಜ್ ದಿನ ಕೇಳಿದ್ರೆ ಪ್ರಯೋಜನ ಇಲ್ಲ.

ಫ್ಲುಕೋನಜೋಲ್ ಅಗ್ಗ, ಎಲ್ಲ ಕಡೆ ಸಿಗತ್ತೆ, ಮಾತ್ರೆಯೂ ಇದೆ. ಪೇಷೆಂಟ್ ಸ್ಥಿರ ಆಗಿ, ಕಲ್ಚರ್ ನೆಗೆಟಿವ್ ಬಂದು, ಸೆನ್ಸಿಟಿವಿಟಿಯಲ್ಲಿ ಬಗ್ಗತ್ತೆ ಅಂತ ಇದ್ರೆ ಐದಾರು ದಿನದ ಮೇಲೆ ಇದಕ್ಕೆ ಬದಲಾಯಿಸ್ತಾರೆ. ಇದ್ರಲ್ಲಿ ನೀವು ನೆನಪಿಟ್ಕೋಬೇಕಾದ್ದು, ಮೂರು ಗಂಟೆ ಡಯಾಲಿಸಿಸ್ ಆದ್ರೆ ರಕ್ತದಲ್ಲಿರೋ ಫ್ಲುಕೋನಜೋಲ್ ಸುಮಾರು ಅರ್ಧ ತೊಳೆದು ಹೋಗತ್ತೆ. ಹಾಗಾಗಿ ಡಯಾಲಿಸಿಸ್ ದಿನ ಅದನ್ನ ಡಯಾಲಿಸಿಸ್ ಮುಗಿದ್ಮೇಲೆ ತಗೋಬೇಕು, ಬೆಳಿಗ್ಗೆ ತಿಂಡಿ ಜೊತೆ ನುಂಗಿ ಮಿಷಿನ್‌ಗೆ ಬಂದ್ರೆ ಅವತ್ತಿನ ಔಷಧಿಯಲ್ಲಿ ಅರ್ಧ ಚರಂಡಿಗೆ. ಮಾತ್ರೆ ಪಟ್ಟಿ ಮೇಲೆ "ಡಯಾಲಿಸಿಸ್ ಆದ್ಮೇಲೆ" ಅಂತ ದೊಡ್ಡದಾಗಿ ಬರೆದಿಡಿ. ಬೇರೆ ಮಾತ್ರೆಗಳ ಜೊತೆ ಇದು ತುಂಬಾ ಸೇರ್ಕೊಂಡು ಎಡವಟ್ಟು ಮಾಡತ್ತೆ: ಗ್ಲಿಮೆಪಿರೈಡ್, ಗ್ಲಿಪಿಜೈಡ್ ತಗೊಳ್ಳೋರಿಗೆ ಶುಗರ್ ಇದ್ದಕ್ಕಿದ್ದ ಹಾಗೆ ಇಳೀಬಹುದು, ವಾರ್ಫರಿನ್ ತಗೊಳ್ಳೋರಿಗೆ ರಕ್ತ ತೀರಾ ತೆಳುವಾಗ್ಬಹುದು, ಕಿಡ್ನಿ ಕಸಿ ಆದೋರಿಗೆ ಕೊಡೋ ಟ್ಯಾಕ್ರೋಲಿಮಸ್‌ನ ಮಟ್ಟ ರಕ್ತದಲ್ಲಿ ಏರತ್ತೆ, ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳಿಂದ ಮಾಂಸಖಂಡ ನೋವು ಬರತ್ತೆ, ವಾಂತಿಗೆ ಕೊಡೋ ಒಂಡನ್‌ಸೆಟ್ರಾನ್, ಕೆಮ್ಮು ಜ್ವರಕ್ಕೆ ಕೊಡೋ ಅಜಿತ್ರೋಮೈಸಿನ್ ಜೊತೆ ಹೃದಯ ಬಡಿತದ ಲಯ ತಪ್ಪೋ ಅಪಾಯ ಇದೆ. ಮನೇಲಿರೋ ಎಲ್ಲಾ ಸ್ಟ್ರಿಪ್‌ಗಳನ್ನೂ ಒಂದು ಕವರ್‌ಗೆ ಹಾಕ್ಕೊಂಡು ಹೋಗಿ ಡಾಕ್ಟರ್ ಮುಂದೆ ಸುರೀರಿ, ಬಾಯಲ್ಲಿ ಹೇಳಿದ್ರೆ ಒಂದೆರಡು ಬಿಟ್ಟೇ ಹೋಗತ್ತೆ.

ಆಂಫೋಟೆರಿಸಿನ್ ಅನ್ನೋ, ಕಿಡ್ನಿಗೆ ಪೆಟ್ಟು ಕೊಡಬಹುದಾದ ಇನ್ನೊಂದು ಫಂಗಸ್ ಔಷಧಿ ಕೊಟ್ರೆ ಅದನ್ನ ಹಾಕುವಾಗ ಜ್ವರ ನಡುಕ ಬರ್ಬಹುದು, ಸ್ಟಾಫ್‌ಗೆ ಗೊತ್ತಿರತ್ತೆ, ನಿಧಾನಕ್ಕೆ ಬಿಡ್ತಾರೆ. "ಕಿಡ್ನಿ ಹೇಗೂ ಹೋಗಿದೆ, ಈಗ ಇದ್ರಿಂದ ಏನು ಹಾಳಾಗತ್ತೆ" ಅನ್ನೋರಿದ್ದಾರೆ, ಆದ್ರೆ ದಿನಕ್ಕೆ ಒಂದು ಲೋಟ ಮೂತ್ರ ಹೋಗ್ತಿರೋ ಡಯಾಲಿಸಿಸ್ ಪೇಷೆಂಟ್‌ಗೆ ಆ ಒಂದು ಲೋಟ ಬಹಳ ದೊಡ್ಡದು, ಅಷ್ಟು ನೀರು ಕುಡಿಯೋ ಸ್ವಾತಂತ್ರ್ಯ ಅದು. ಮೂತ್ರ ಎಷ್ಟು ಹೋಗತ್ತೆ ಅಂತ ಡಾಕ್ಟರ್‌ಗೆ ತಪ್ಪದೆ ಹೇಳಿ.

ದಿನದ ಲೆಕ್ಕ ಇಡೋದು ಹೇಗೆ ಅಂದ್ರೆ, ಔಷಧಿ ಶುರುವಾದ ದಿನದಿಂದ 14 ದಿನ ಅಲ್ಲ. ಮೊದಲ ನೆಗೆಟಿವ್ ಕಲ್ಚರ್‌ಗೆ ರಕ್ತ ತೆಗೆದ ದಿನದಿಂದ 14 ದಿನ. 1ನೇ ತಾರೀಕು ಔಷಧಿ ಶುರುವಾಗಿ, 3ಕ್ಕೆ ತೆಗೆದ ಕಲ್ಚರ್ ಇನ್ನೂ ಪಾಸಿಟಿವ್ ಬಂದು, 5ಕ್ಕೆ ತೆಗೆದಿದ್ದು ನೆಗೆಟಿವ್ ಅಂತ ಬಂದ್ರೆ, ಲೆಕ್ಕ 5ರಿಂದ. ಅದಕ್ಕೇ ಪಾಸಿಟಿವ್ ಬಂದ್ಮೇಲೆ ದಿನಾ ಅಥವಾ ದಿನ ಬಿಟ್ಟು ದಿನ ಕಲ್ಚರ್ ಕಳಿಸ್ತಾನೇ ಇರ್ಬೇಕು. ಜ್ವರ ಬಿಟ್ಟು ಊಟ ಸೇರೋಕೆ ಶುರುವಾದ ತಕ್ಷಣ "ಮನೆಗೆ ಹೋಗ್ತೀವಿ, ಡಿಸ್ಚಾರ್ಜ್ ಮಾಡಿ" ಅಂತ ಹಠ ಹಿಡಿಯೋದನ್ನ ನಾನು ಸಾಕಷ್ಟು ನೋಡಿದೀನಿ, ಖರ್ಚಿನ ಕಷ್ಟ ಅರ್ಥ ಆಗತ್ತೆ, ಆದ್ರೆ ಕೋರ್ಸ್ ಅರ್ಧಕ್ಕೆ ಬಿಟ್ಟು ಕಾಯಿಲೆ ಮತ್ತೆ ಬಂದ್ರೆ ಖರ್ಚು ಇನ್ನೂ ದೊಡ್ಡದು. ಉಳಿದ ದಿನಗಳ ಡ್ರಿಪ್ ಅಥವಾ ಮಾತ್ರೆ ಹೊರಗಿಂದ ಬಂದು ತಗೊಳ್ಳೋಕೆ ಆಗತ್ತಾ ಅಂತ ಕೇಳಿ, ಕೆಲವರಿಗೆ ಆಗತ್ತೆ.

ಕಣ್ಣು ಪರೀಕ್ಷೆ ಮರೀಬೇಡಿ. ಮೊದಲ ವಾರದೊಳಗೆ ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಒಳಗಿನ ಪರದೆ ನೋಡ್ಬೇಕು. ರಕ್ತದಲ್ಲಿರೋ ಕ್ಯಾಂಡಿಡಾ ಕಣ್ಣಿನ ಒಳಗೆ ಹೋಗಿ ಕೂರತ್ತೆ, ಶುರುವಿನಲ್ಲಿ ಪೇಷೆಂಟ್‌ಗೆ ಏನೂ ಗೊತ್ತಾಗ್ದೆ ಇರ್ಬಹುದು, ಅದ್ರಲ್ಲೂ ಮೊದಲೇ ಶುಗರಿಂದ ಕಣ್ಣು ಮಂಜಾಗಿರೋರು "ಇದು ಹಳೇದೇ" ಅನ್ಕೊಳ್ತಾರೆ. ಕಣ್ಣಲ್ಲಿ ಇದ್ರೆ ಔಷಧಿಯೂ ಬದಲಾಗತ್ತೆ, ಯಾಕಂದ್ರೆ ಎಕೈನೋಕ್ಯಾಂಡಿನ್ ಕಣ್ಣಿನೊಳಗೆ ಸರಿಯಾಗಿ ಹೋಗಲ್ಲ, ದಿನವೂ 14ಕ್ಕೆ ಮುಗಿಯಲ್ಲ. ಕಲ್ಚರ್ ದಿನಗಟ್ಟಲೆ ಪಾಸಿಟಿವ್ ಬರ್ತಾನೇ ಇದ್ರೆ ಹೃದಯದ ಕವಾಟ ನೋಡೋಕೆ ಎಕೋ ಮಾಡಿಸ್ತಾರೆ.

ಆರಿಸ್ ಬಂದವರ ಮನೆಯವರು ಪೇಷೆಂಟ್‌ನ ದೂರ ಇಡ್ಬೇಕಾಗಿಲ್ಲ. ಆರೋಗ್ಯವಾಗಿರೋರಿಗೆ ಮನೇಲಿ ಇದ್ರಿಂದ ಕಾಯಿಲೆ ಬರೋದು ತೀರಾ ಅಪರೂಪ, ಒಟ್ಟಿಗೆ ಊಟ ಮಾಡಿ, ಮಕ್ಕಳು ಮಾತಾಡಿಸ್ಲಿ, ಸೇವೆ ಮಾಡಿದ್ಮೇಲೆ ಕೈ ತೊಳ್ಕೊಳ್ಳಿ ಅಷ್ಟೇ. ಆದ್ರೆ ಅದು ಚರ್ಮದ ಮೇಲೆ ತಿಂಗಳುಗಟ್ಟಲೆ ಉಳಿಯತ್ತೆ, ಹಾಸಿಗೆ, ಬಿಪಿ ಪಟ್ಟಿ, ಮಿಷಿನ್ ಮೇಲೂ ಉಳಿಯತ್ತೆ, ಆಸ್ಪತ್ರೆಯಲ್ಲಿ ಬಳಸೋ ಕೆಲವು ಮಾಮೂಲಿ ಕ್ಲೀನಿಂಗ್ ದ್ರಾವಣಕ್ಕೆ ಸಾಯಲ್ಲ, ಕ್ಲೋರಿನ್ ಇರೋವಂಥದ್ದು ಬೇಕಾಗತ್ತೆ. ಡಯಾಲಿಸಿಸ್ ಯೂನಿಟ್‌ಗೆ ಮುಚ್ಚಿಡ್ಬೇಡಿ. ಮೂಲೆ ಬೆಡ್ ಕೊಟ್ರೆ, ಗೌನ್ ಹಾಕ್ಕೊಂಡು ಬಂದ್ರೆ ಅವಮಾನ ಅನ್ಕೋಬೇಡಿ, ಪಕ್ಕದ ಬೆಡ್‌ನಲ್ಲಿ ನಿಮ್ಮ ಹಾಗೇ ಕುತ್ತಿಗೆ ಲೈನ್ ಹಾಕ್ಕೊಂಡ ಇನ್ನೊಬ್ರು ಇರ್ತಾರೆ.

ಹೊಟ್ಟೆ ಡಯಾಲಿಸಿಸ್ ಮಾಡ್ಕೊಳ್ಳೋರಿಗೆ ರಕ್ತಕ್ಕಿಂತ ಹೊಟ್ಟೆಯೊಳಗೆ ಫಂಗಸ್ ಬರೋದು ಹೆಚ್ಚು, ಹೊರಬರೋ ನೀರು ಮಸುಕಾಗಿ ಹೊಟ್ಟೆ ನೋವು ಬರತ್ತೆ, ಅಲ್ಲೂ ಹೊಟ್ಟೆ ಪೈಪ್ ತೆಗೀಲೇಬೇಕು. ಅವರು ಬೇರೆ ಯಾವ ಕಾಯಿಲೆಗೆ ಆಂಟಿಬಯೋಟಿಕ್ ಕೋರ್ಸ್ ತಗೊಂಡ್ರೂ ಜೊತೆಗೆ ಫಂಗಸ್ ತಡೆಯೋ ಔಷಧಿ ಬೇಕಾ ಅಂತ ತಮ್ಮ ನೆಫ್ರಾಲಜಿಸ್ಟ್‌ನ ಕೇಳ್ಬೇಕು.

ಮನೆಗೆ ಬಂದ್ಮೇಲೆ

ವಾರಗಳು ಕಳೆದ ಮೇಲೂ ಕೆಲವು ಲಕ್ಷಣಗಳಿಗೆ ಕಿವಿ ಕೊಡಿ. ಬೆನ್ನುಮೂಳೆಯ ಒಂದೇ ಜಾಗದಲ್ಲಿ ರಾತ್ರಿಯೂ ಬಿಡದ ನೋವು, ಕಣ್ಣು ಮಂಜಾಗೋದು ಅಥವಾ ಮುಂದೆ ಚುಕ್ಕೆಗಳು ತೇಲೋದು, ಮತ್ತೆ ಸಣ್ಣ ಜ್ವರ, ಹೊಸದಾಗಿ ಏದುಸಿರು. ಬೆನ್ನು ನೋವಿಗೆ ಮುಲಾಮು ಹಚ್ಕೊಂಡು ಕೂರೋದಲ್ಲ, ಕ್ಯಾಂಡಿಡಾ ಬೆನ್ನುಮೂಳೆಗೆ ಹೋಗಿ ತಿಂಗಳಾದ್ಮೇಲೆ ತೋರಿಸ್ಕೊಳ್ಳೋದುಂಟು. ಆ ನೋವು ತೋರ್ಸೋಕೆ ಮೂಳೆ ಡಾಕ್ಟರ್ ಹತ್ರ ಹೋದ್ರೂ "ಇಂಥ ತಿಂಗಳಲ್ಲಿ ರಕ್ತದಲ್ಲಿ ಫಂಗಸ್ ಬಂದಿತ್ತು" ಅಂತ ಮೊದಲ ಮಾತಲ್ಲೇ ಹೇಳಿ, ಹೇಳ್ದಿದ್ರೆ ಅವರು ಆ ದಿಕ್ಕಲ್ಲಿ ಯೋಚ್ನೆ ಮಾಡೋಕೆ ಕಾರಣವೇ ಇರಲ್ಲ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಫಂಗಸ್ ಜಾತಿ, ಮೊದಲ ನೆಗೆಟಿವ್ ಕಲ್ಚರ್ ತಾರೀಕು, ಔಷಧಿ ಮುಗಿಯೋ ತಾರೀಕು, ಕಣ್ಣಿನ ರಿಪೋರ್ಟ್ ಇಷ್ಟೂ ಇದೆಯಾ ನೋಡಿ, ಇಲ್ದಿದ್ರೆ ಬರೆಸ್ಕೊಂಡೇ ಹೊರಡಿ. ಅದರ ಒಂದು ಜೆರಾಕ್ಸ್ ಡಯಾಲಿಸಿಸ್ ಯೂನಿಟ್‌ಗೆ ಕೊಡಿ, ಒಂದು ಫೋಟೋ ಮೊಬೈಲಲ್ಲಿ ಇಟ್ಕೊಳ್ಳಿ, ಊರಿಗೆ ಹೋದಾಗ ಬೇರೆ ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸ್ಬೇಕಾಗಿ ಬಂದ್ರೆ ಅಲ್ಲಿಯವರಿಗೂ ತೋರಿಸಿ. ಔಷಧಿ ಕೋರ್ಸ್ ಮುಗಿದು ಡಾಕ್ಟರ್ ಸರಿ ಅಂದ ವಾರವೇ ಫಿಸ್ಟುಲಾಗೆ ವ್ಯಾಸ್ಕುಲರ್ ಸರ್ಜನ್ ಹತ್ರ ತಾರೀಕು ತಗೊಳ್ಳಿ. ಆಪರೇಷನ್ ಆದ್ಮೇಲೆ ದಿನಾ ಫಿಸ್ಟುಲಾ ಮೇಲೆ ಬೆರಳಿಟ್ಟು ಜುಮ್ ಅನ್ನೋದು ಇದೆಯಾ ನೋಡಿ, ಸರ್ಜನ್ ಹೇಳಿದ ದಿನದಿಂದ ಆ ಕೈಯಲ್ಲಿ ಮೆತ್ತಗಿನ ಸ್ಮೈಲಿ ಬಾಲ್ ಒತ್ತಿ, ಫಿಸ್ಟುಲಾದಲ್ಲಿ ಡಯಾಲಿಸಿಸ್ ಸರಾಗವಾಗಿ ನಡೀತಿದೆ ಅಂತ ಯೂನಿಟ್‌ನವರು ಹೇಳಿದ ದಿನವೇ "ಕುತ್ತಿಗೆ ಲೈನ್ ಯಾವಾಗ ತೆಗೀತೀರಾ" ಅಂತ ಕೇಳಿ, ತೆಗೆಯೋವರೆಗೂ ಪ್ರತಿ ಸಲ ಬಂದಾಗ್ಲೂ ಕೇಳ್ತಾನೇ ಇರಿ.